ನಲವತ್ತೇಳರ ಮೆಟ್ಟಿಲು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, "ಮೇಷ್ಟ್ರೇ, ಮನೆ, ಕಾರು, ಮಕ್ಕಳ ಓದು ಎಲ್ಲವೂ ಸರಿಯಾಗಿದೆ. ಆದರೂ ಬೆಳಿಗ್ಗೆ ಏಳುವಾಗ ಮನಸ್ಸಿಗೆ ಏನೋ ಭಾರ" ಎಂದ. ಅವನಿಗೀಗ ನಲವತ್ತೇಳು. ನನಗೆ ಉತ್ತರ ಥಟ್ಟನೆ ಹೊಳೆಯಲಿಲ್ಲ. ಇತಿಹಾಸ ಕಲಿಸಿದವನಿಗೆ ತಿಳಿದಿರುವುದು ಹಿಂದಕ್ಕೆ ಹೋಗಿ ನೋಡುವುದೊಂದೇ.

ವಯಸ್ಸು ಮತ್ತು ತೃಪ್ತಿಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವನು ರೋಮಿನ ಸಿಸೆರೊ. ಕ್ರಿ.ಪೂ. 44ರಲ್ಲಿ, ತನ್ನ 62ನೆಯ ವಯಸ್ಸಿನಲ್ಲಿ, ಅವನು ಮುಪ್ಪನ್ನು ಕುರಿತು ಪುಸ್ತಕವೊಂದನ್ನು ಬರೆದು ಗೆಳೆಯ ಅಟ್ಟಿಕಸ್‌ನಿಗೆ ಅರ್ಪಿಸಿದ. ಹಿಂದಿನ ವರ್ಷವಷ್ಟೇ ಮಗಳು ಟುಲಿಯಾ ತೀರಿಕೊಂಡಿದ್ದಳು. ಸೀಸರನ ಸರ್ವಾಧಿಕಾರದಲ್ಲಿ ರಾಜಕಾರಣದಿಂದ ದೂರ ಸರಿಯಬೇಕಾಗಿಯೂ ಬಂದಿತ್ತು. ಅಂಥವನು ತನ್ನ ಮಾತನ್ನು ಸುಮಾರು ನೂರು ವರ್ಷ ಹಿಂದಿನ, 84ರ ವೃದ್ಧ ಕೇಟೋನ ಬಾಯಿಂದ ಆಡಿಸಿದ. ಮುಪ್ಪಿನ ಮೇಲೆ ನಾಲ್ಕು ಆರೋಪಗಳು: ಕೆಲಸದಿಂದ ದೂರ ಮಾಡುತ್ತದೆ, ದೇಹವನ್ನು ಕುಗ್ಗಿಸುತ್ತದೆ, ಸುಖವನ್ನು ಕಸಿಯುತ್ತದೆ, ಸಾವಿಗೆ ಸಮೀಪ. ಒಂದೊಂದಕ್ಕೂ ಕೇಟೋ ವಕೀಲನಂತೆ ಉತ್ತರಿಸುತ್ತಾನೆ. ದ್ರಾಕ್ಷಿಬಳ್ಳಿಯ ಬೇಸಾಯದ ಮಾತು ಬಂದಾಗಲಂತೂ ಮುದುಕ ವಿಷಯವನ್ನೇ ಮರೆತು ಹರಟುತ್ತಾನೆ. ನನಗೆ ಬಹಳ ಪ್ರಿಯವಾದ ಭಾಗವದು.

ಆದರೆ ಇದೇ ಕೇಟೋ ತನ್ನ ಕೃಷಿಗ್ರಂಥದಲ್ಲಿ, ವಯಸ್ಸಾದ ಎತ್ತುಗಳೊಂದಿಗೆ ವಯಸ್ಸಾದ ಗುಲಾಮರನ್ನೂ ಮಾರಿಬಿಡುವಂತೆ ಸಲಹೆ ಕೊಟ್ಟವನು! ತೃಪ್ತಿಯ ಮುಪ್ಪು ಯಾರಿಗೆ ದಕ್ಕುತ್ತದೆಂಬುದನ್ನು ಸಿಸೆರೊ ಕೇಳಲಿಲ್ಲ. ತಾನು ಹೊಗಳಿದ ಆ ಮುಪ್ಪು ಅವನಿಗೂ ದಕ್ಕಲಿಲ್ಲ. ಮರುವರ್ಷವೇ ಅವನ ವಿರೋಧಿಗಳು ಅವನನ್ನು ಕೊಲ್ಲಿಸಿದರು.

ತೃಪ್ತಿಯನ್ನು ಅಳೆಯುವ ಪ್ರಯತ್ನ ತೀರ ಈಚಿನದು. ಅಮೆರಿಕದ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ಮುಂದೆ ಏಣಿಯ ಚಿತ್ರವನ್ನಿಟ್ಟು, ಸೊನ್ನೆಯಿಂದ ಹತ್ತರವರೆಗೆ ನೀವು ಯಾವ ಮೆಟ್ಟಿಲಿನಲ್ಲಿದ್ದೀರಿ ಎಂದು ಕೇಳಲಾಗಿತ್ತು. ಭಾರತೀಯರನ್ನೂ ಕೇಳಿದ್ದರು. 2008ರಲ್ಲಿ ಬ್ಲ್ಯಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಎಂಬ ಅರ್ಥಶಾಸ್ತ್ರಜ್ಞರು ಅನೇಕ ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿ, ತೃಪ್ತಿಯು ನಡುವಯಸ್ಸಿನಲ್ಲಿ ತಳ ಮುಟ್ಟಿ ಮತ್ತೆ ಏರುತ್ತದೆಂದರು. 2012ರಲ್ಲಿ 508 ಚಿಂಪಾಂಜಿ ಮತ್ತು ಒರಾಂಗುಟಾನ್‌ಗಳಲ್ಲಿಯೂ ಇಂಥದೇ ತಗ್ಗು ಕಂಡಿತಂತೆ. ಅವುಗಳಿಗೆ ಮನೆಸಾಲವಿಲ್ಲ, ನೆನಪಿರಲಿ! (ಉತ್ತರಿಸಿದವರು ಪಾಲಕರು, ಕಪಿಗಳಲ್ಲ.) ಆದರೆ ಈಚೆಗೆ ಅದೇ ಬ್ಲ್ಯಾಂಚ್‌ಫ್ಲವರ್, ಯುವಜನರ ದುಗುಡವೇ ಹೆಚ್ಚಿ ಆ ಹಳೆಯ ರೇಖೆ ಅನೇಕ ಕಡೆ ಅಳಿಸಿಹೋಗುತ್ತಿದೆ ಎಂದು ತೋರಿಸಿದ್ದಾರೆ. ಮೊಮ್ಮಕ್ಕಳನ್ನು ನೋಡಿದಾಗ ನನಗೆ ಅಳುಕುಂಟಾಗುವುದು ಇದರಿಂದಲೇ.

ನನ್ನ ನಲವತ್ತೆಂಟನೆಯ ವರ್ಷ ನನಗೆ ಚೆನ್ನಾಗಿ ನೆನಪಿದೆ. ತಂದೆಯವರ ಕಾಯಿಲೆ, ಮಗಳ ಮದುವೆಯ ಸಾಲ. ಆ ವರ್ಷ ಹತ್ತನೆಯ ತರಗತಿಯ ಹುಡುಗನೊಬ್ಬ ಪಾಣಿಪತ್ ಯುದ್ಧದ ಇಸವಿಯನ್ನು ತಪ್ಪಾಗಿ ಹೇಳಿದ್ದಕ್ಕೆ ಎಲ್ಲರೆದುರು ಅವನನ್ನು ಕಟುವಾಗಿ ಹೀಯಾಳಿಸಿದೆ. ಅವನು ಮೂರು ದಿನ ಶಾಲೆಗೆ ಬರಲಿಲ್ಲ. ನಾನು ಕ್ಷಮೆ ಕೇಳಲೂ ಇಲ್ಲ.

ಮೊನ್ನೆ ದೂರವಾಣಿ ಮಾಡಿದವನು ಅವನೇ. ಈ ಬಾರಿ ಕೇಳಿದೆ. "ಅಯ್ಯೋ, ಬಿಡಿ ಮೇಷ್ಟ್ರೇ" ಎಂದು ನಕ್ಕ. ಬಳಿಕ ಏಣಿಯ ವಿಷಯ ಹೇಳಿ, ಯಾವ ಮೆಟ್ಟಿಲಪ್ಪಾ ಎಂದೆ. ಸ್ವಲ್ಪ ತಡೆದು, "ಐದು. ನಿಮ್ಮದು?" ಎಂದ.

"ಎಂಟು. ಮೊಣಕಾಲಿನ ನೋವಿಲ್ಲದಿದ್ದರೆ ಒಂಬತ್ತು" ಎಂದೆ. ಮುಂದಿನ ಭಾನುವಾರ ಊಟಕ್ಕೆ ಬರುವುದಾಗಿ ಹೇಳಿದ್ದಾನೆ.