ಮೊಡವೆ ಬ್ಯಾಕ್ಟೀರಿಯಾದ ಲಿಪೇಸ್ ಪ್ರತಿಬಂಧ ಪರೀಕ್ಷೆ

ಲಿಪೇಸ್ ಪ್ರತಿಬಂಧ ಪರೀಕ್ಷೆಯು ಮೊಡವೆಗೆ ಸಂಬಂಧಿಸಿದ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾದ ಲಿಪೇಸ್ ಕಿಣ್ವವನ್ನು ಯಾವುದೇ ಘಟಕವಸ್ತು ಎಷ್ಟು ತಡೆಯುತ್ತದೆ ಎಂಬುದನ್ನು ಅಳೆಯುವ ಪ್ರಯೋಗಾಲಯ ವಿಧಾನವಾಗಿದೆ. ಈ ಕಿಣ್ವವು ಚರ್ಮದ ಜಿಡ್ಡಿನಲ್ಲಿರುವ ಟ್ರೈಗ್ಲಿಸರೈಡ್‌ಗಳನ್ನು ಗ್ಲಿಸರಾಲ್ ಹಾಗೂ ಮುಕ್ತ ಕೊಬ್ಬಿನಾಮ್ಲಗಳಾಗಿ ವಿಭಜಿಸುತ್ತದೆ. ಈ ಆಮ್ಲಗಳು ರೋಮಕೂಪದಲ್ಲಿ ಉರಿಯೂತವನ್ನು ಹೆಚ್ಚಿಸಬಲ್ಲವು.

ಬ್ಯಾಕ್ಟೀರಿಯಾವನ್ನು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಆಮ್ಲಜನಕವಿಲ್ಲದ ವಾತಾವರಣದಲ್ಲಿ ಬೆಳೆಸಿ ಕಿಣ್ವವನ್ನು ಪಡೆಯಲಾಗುತ್ತದೆ. ಅದಕ್ಕೆ ಪರೀಕ್ಷಿಸಬೇಕಾದ ವಸ್ತುವನ್ನೂ ಪ್ಯಾರಾ-ನೈಟ್ರೋಫೀನೈಲ್ ಪಾಮಿಟೇಟ್‌ನಂತಹ ಸಂಯುಕ್ತವನ್ನೂ ಬೆರೆಸುತ್ತಾರೆ. ಕಿಣ್ವವು ಈ ಸಂಯುಕ್ತವನ್ನು ಒಡೆದಷ್ಟೂ ದ್ರಾವಣವು ಹಳದಿಯಾಗುತ್ತದೆ. ಪರೀಕ್ಷಾವಸ್ತುವಿಲ್ಲದ ದ್ರಾವಣಕ್ಕಿಂತ ಬಣ್ಣ ತಿಳಿಯಾಗಿದ್ದರೆ ಕಿಣ್ವಕ್ಕೆ ತಡೆಯುಂಟಾಗಿದೆ ಎಂದರ್ಥ. ಸಸ್ಯಸಾರಗಳನ್ನು ಪರೀಕ್ಷಿಸುವಾಗ ಅವುಗಳ ಸ್ವಂತ ಬಣ್ಣವನ್ನು ಲೆಕ್ಕದಿಂದ ಕಳೆಯಬೇಕು.

ಕಿಣ್ವವನ್ನು ತಡೆಯುವುದೆಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದೆಂದಲ್ಲ. ಪ್ರನಾಳದಲ್ಲಿ ಗೆದ್ದ ವಸ್ತುವು ರೋಮಕೂಪವನ್ನು ತಲುಪಿ, ಚರ್ಮಕ್ಕೆ ಹಾನಿ ಮಾಡದೆ, ಮಾನವರ ಮೇಲಿನ ಪ್ರಯೋಗದಲ್ಲಿಯೂ ಫಲ ನೀಡಿದಾಗ ಮಾತ್ರ ಅದನ್ನು ಮೊಡವೆಯ ಔಷಧವೆನ್ನಬಹುದು.