ಶ್ರೀರಂಗಪಟ್ಟಣದ ಪತನದ ಮರುದಿನ

1799ರ ಮೇ 4ರಂದು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದರು. ಆ ದಿನದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಹಲವು ಜಾತಿ, ಮತ, ಭಾಷೆಗಳ ಮೈಸೂರು ಸೀಮೆ ಪರಕೀಯರ ದಾಳಿಯ ಬಳಿಕ ನೆಲೆಗೊಂಡದ್ದು ಹೇಗೆ ಎಂಬುದನ್ನು ಕಂದಿಕೆರೆಯಂಥ ಊರುಗಳ ನಾವೂ ಅರಿಯಬೇಕು.

ಕಂಪನಿಯು ಸುಮಾರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಿತು. ಹೈದರಲಿ ಹಾಗೂ ಟಿಪ್ಪುವಿನ ಸೇವೆಯಲ್ಲಿದ್ದ ಪೂರ್ಣಯ್ಯನವರನ್ನೇ ದಿವಾನರನ್ನಾಗಿಸಿತು. ಲೆಕ್ಕಪತ್ರ ಬಲ್ಲ ಹಳೆಯ ಕೈಗಳು ಉಳಿದದ್ದರಿಂದ ಆಡಳಿತ ಕುಸಿಯಲಿಲ್ಲ.

ಆದರೆ ಕೆಲಸ ಕಳೆದುಕೊಂಡ ಸಿಪಾಯಿಗಳ ಗತಿಯೇನು? ಸೆರೆಯಿಂದ ಬಿಡುಗಡೆಯಾದ ಧೋಂಡಿಯ ವಾಘನು ಅಂಥವರನ್ನೇ ಕೂಡಿಸಿಕೊಂಡು ದಂಗೆಯೆದ್ದನು. 1800ರ ಸೆಪ್ಟೆಂಬರಿನಲ್ಲಿ ಹತನಾದನು. ಅನ್ನದ ದಾರಿ ಮುಚ್ಚಿದಲ್ಲಿ ಶಾಂತಿ ನಿಲ್ಲದು. ಸಿಲೇದಾರರ ಕುದುರೆ ಪಡೆಯನ್ನು ಉಳಿಸಿಕೊಂಡ ಪೂರ್ಣಯ್ಯನವರು ಇದನ್ನು ಅರಿತಿದ್ದರು.

ಸುಲ್ತಾನರ ಮಕ್ಕಳನ್ನು ವೆಲ್ಲೂರಿಗೆ ಒಯ್ಯಲಾಯಿತು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಬಳಿಕ ಅವರನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಇತ್ತ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕಂಪನಿಗೆ ತೆರಬೇಕಿತ್ತು. ತೆರಿಗೆ ಹಾಗೂ ಅಧಿಕಾರಿಗಳ ಕಿರುಕುಳದಿಂದ ಬೇಸತ್ತ ನಗರ ಸೀಮೆಯ ರೈತರು 1830ರಲ್ಲಿ ತಿರುಗಿಬಿದ್ದರು. 1831ರಲ್ಲಿ ಕಂಪನಿಯೇ ಆಡಳಿತವನ್ನು ಕೈಗೆತ್ತಿಕೊಂಡಿತು. ರಾಜ್ಯ ಒಡೆಯರಿಗೆ ಮರಳಿದ್ದು 1881ರಲ್ಲಿ.

ಗೆದ್ದ ನಾಡನ್ನು ಖಡ್ಗ ಹಿಡಿದಿಡಬಹುದು, ನೆಲೆಗೊಳಿಸಲಾರದು. ಬಲ್ಲವರಿಗೆ ಹೊಣೆ, ಸೋತವರಿಗೆ ದುಡಿಮೆ, ರೈತನಿಗೆ ನ್ಯಾಯ: ಈ ಮೂರು ಇರುವಲ್ಲಿ ಭಿನ್ನ ಜನರು ಕೂಡಿ ಬಾಳುತ್ತಾರೆ. ಅಧಿಕಾರವು ಅಮಾನತ್ ಎಂಬ ನಮ್ಮ ಹಿರಿಯರ ಮಾತಿನ ಅರ್ಥ ಇದೇ ಅಲ್ಲವೇ?