ಗರ್ಭಿಣಿಯರ ಮೂತ್ರನಾಳ ಸೋಂಕು ಮತ್ತು ಆಂಟಿಬಯೋಟಿಕ್ ನಿರೋಧಕತೆ: ಬೆಳಗಾವಿ–ಖಾನಾಪುರ

ಗರ್ಭಿಣಿಯರ ಮೂತ್ರನಾಳ ಸೋಂಕಿನ ಚರಿತ್ರೆಯನ್ನು ಔಷಧಗಳ ಏಳುಬೀಳಿನ ಕತೆಯಾಗಿ ಹೇಳುವುದೇ ರೂಢಿ. 1950ರ ದಶಕದಲ್ಲಿ ನೈಟ್ರೊಫ್ಯುರಾಂಟೊಯಿನ್, 1961ರಲ್ಲಿ ಆಂಪಿಸಿಲಿನ್, ಆಮೇಲೆ ಸೆಫಲೋಸ್ಪೊರಿನ್‌ಗಳು ಬಂದವು. ಅವುಗಳಲ್ಲಿ ಹಲವನ್ನು ಕರುಳಿನ ಇ. ಕೋಲೈ ಜಯಿಸಿತು, ಸೆಫಲೋಸ್ಪೊರಿನ್ ಒಡೆಯುವ ಇಎಸ್‌ಬಿಎಲ್ ಕಿಣ್ವಗಳು ಹರಡಿದವು. ಆದರೆ ನಿರ್ಣಾಯಕ ತಿರುವು ಬಂದದ್ದು ಪರೀಕ್ಷೆಯಿಂದ. ಉರಿಮೂತ್ರವೇ ಇಲ್ಲದ ಗರ್ಭಿಣಿಯ ಮೂತ್ರದಲ್ಲೂ ಮಿಲಿಲೀಟರಿಗೆ 1 ಲಕ್ಷ ಬ್ಯಾಕ್ಟೀರಿಯ ಇರಬಹುದು, ಬಿಟ್ಟರೆ ಅದು ಮೂತ್ರಪಿಂಡಕ್ಕೇರಬಹುದು ಎಂಬುದನ್ನು ಬೋಸ್ಟನ್‌ನ ವೈದ್ಯ ಎಡ್ವರ್ಡ್ ಕ್ಯಾಸ್ 1950ರ ದಶಕದಲ್ಲೇ ತೋರಿಸಿದರು. ಗರ್ಭಿಣಿಗೆ ಕೊಡಬಹುದಾದ ಔಷಧಗಳು ಮೊದಲೇ ಕಡಿಮೆ: ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಕೊಡುವಂತಿಲ್ಲ, ಹೆರಿಗೆ ಹತ್ತಿರವಾದರೆ ನೈಟ್ರೊಫ್ಯುರಾಂಟೊಯಿನ್ ಕೂಡ ಬೇಡ. ಉಳಿದದ್ದರಲ್ಲಿ ಯಾವುದು ನಾಟುತ್ತದೆಂದು ಹೇಳುವುದು ಮೂತ್ರದ ಬ್ಯಾಕ್ಟೀರಿಯವನ್ನು ಬೆಳೆಸಿ ನೋಡುವ ಪರೀಕ್ಷೆ, ಅಂದರೆ ಯೂರಿನ್ ಕಲ್ಚರ್ ಮಾತ್ರ.

ಬೆಳಗಾವಿ ಜಿಲ್ಲೆಯ ಖಾನಾಪುರ–ಲೋಂಡಾ ರೈಲುಮಾರ್ಗದ ಗುಂಜಿಯಂಥ ಕಾಡಂಚಿನ ಊರಿಗೆ ಈ ಮಾತು ಬಲವಾಗಿ ಅನ್ವಯಿಸುತ್ತದೆ. ಮೂತ್ರದ ಮಾದರಿ ಎರಡು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಇಲ್ಲವೇ ತಣ್ಣಗಿರಬೇಕು. ಬಿಸಿಲಲ್ಲಿ ಬಸ್ಸಿಗೆ ಕಾದ ಡಬ್ಬಿಯಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಬೆರಳಿಂದ ತಗುಲಿದ ನಾಲ್ಕು ಬ್ಯಾಕ್ಟೀರಿಯಗಳೂ ಬೆಳೆದು ಸೋಂಕಿನ ಲೆಕ್ಕ ಕೆಡಿಸುತ್ತವೆ. ಹೀಗೆ ದೂರವೇ ಅನಗತ್ಯ ಮಾತ್ರೆಗೆ ದಾರಿಮಾಡುತ್ತದೆ, ನನ್ನ ದೃಷ್ಟಿಯಲ್ಲಿ ನಿರೋಧಕತೆಯನ್ನೂ ಬೆಳೆಸುತ್ತದೆ. ಆಂಟಿಬಯೋಟಿಕ್ ಮಾರಾಟ ಬಿಗಿಗೊಳಿಸಿದ ಶೆಡ್ಯೂಲ್ ಎಚ್1 ನಿಯಮ 2014ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅಂಗಡಿಯಲ್ಲಿ ವೈದ್ಯರ ಚೀಟಿ ಕೇಳುವ ಆ ನಿಯಮ ಈ ದೂರವನ್ನು ತಗ್ಗಿಸಲಾರದು.

ಪರೀಕ್ಷೆಯಿಲ್ಲದೆ ಎಲ್ಲರಿಗೂ ಕೊಟ್ಟ ಔಷಧವೂ ತಾಯಂದಿರನ್ನು ಕಾಪಾಡಿದೆಯಲ್ಲ ಎಂಬ ಆಕ್ಷೇಪಕ್ಕೆ ಬೆಳಗಾವಿಯಲ್ಲೇ ಆಧಾರವಿದೆ. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜೂ ಪಾಲ್ಗೊಂಡ, 2023ರಲ್ಲಿ ಪ್ರಕಟವಾದ ಏಳು ದೇಶಗಳ ಅಧ್ಯಯನದಲ್ಲಿ, ಹೆರಿಗೆನೋವಿನ ವೇಳೆ 2 ಗ್ರಾಂ ಅಜಿತ್ರೊಮೈಸಿನ್ ಒಂದೇ ಬಾರಿ ಕೊಟ್ಟಾಗ ತಾಯಿಯ ನಂಜು ಅಥವಾ ಸಾವು ಶೇ. 2.4ರಿಂದ 1.6ಕ್ಕಿಳಿಯಿತು. ಅದು ಅಮೂಲ್ಯ ಫಲಿತಾಂಶ. ಆದರೂ ಅದು ಒಂದೇ ಘಳಿಗೆಯ ಒಂದೇ ಡೋಸು, 29,278 ತಾಯಂದಿರಲ್ಲಿ ಅಳೆದು ನೋಡಿದ್ದು. ಮೂತ್ರನಾಳ ಸೋಂಕಿಗೆ ಅಜಿತ್ರೊಮೈಸಿನ್ ಮದ್ದೂ ಅಲ್ಲ. ಸೋಂಕು ಮೂತ್ರಪಿಂಡಕ್ಕೇರಿ ಚಳಿಜ್ವರ ಬಂದವಳು ಎರಡು ದಿನ ಕಲ್ಚರ್ ವರದಿಗೆ ಕಾಯುವಂತಿಲ್ಲ ಎಂಬುದು ಇನ್ನೊಂದು ಆಕ್ಷೇಪ, ಅದು ನಿಜ. ಆಕೆಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ, ಮೊದಲು ಮೂತ್ರ ತೆಗೆದಿಟ್ಟು ನಂತರ ಇಂಜೆಕ್ಷನ್ ಕೊಟ್ಟರೆ ಚಿಕಿತ್ಸೆಯೂ ತಡವಾಗದು, ವರದಿ ನೋಡಿ ಔಷಧ ಬದಲಿಸುವ ಅವಕಾಶವೂ ಉಳಿಯುತ್ತದೆ. ಲಕ್ಷಣವಿಲ್ಲದವರಿಗೂ ಕಲ್ಚರ್ ಮಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಬೋರಿಕ್ ಆಮ್ಲ ಹಾಕಿದ ಡಬ್ಬಿಯಲ್ಲಿ ಮಾದರಿ ಸುಮಾರು ಒಂದು ದಿನ ಕೆಡದೆ ಇರುತ್ತದೆ. ಗುಂಜಿಯಿಂದ ಬೆಳಗಾವಿಗೆ ಅಷ್ಟು ಹೊತ್ತು ಧಾರಾಳವಾಗಿ ಸಾಕು.